ತಾಲೀಮಿನ ಉಡುಪು

ಮುಧೋಳದ ಸೀಮೆಯಲ್ಲಿದ್ದು ಕನ್ನಡ ಪಾಠ ಹೇಳುವವನಿಗೆ ಎಂದಾದರೊಂದು ದಿನ ಗದಾಯುದ್ಧವನ್ನು ಆಡಿಸಬೇಕೆಂಬ ಆಸೆ ಬಾರದಿದ್ದರೆ ಅವನು ರನ್ನನ ಋಣವನ್ನು ಮರೆತವನೆಂದೇ ಹೇಳಬೇಕು. ನನಗೂ ಆ ಆಸೆ ಬಂತು. ಹತ್ತು ವರ್ಷಗಳ ಹಿಂದಿನ ಮಾತು. ಕಾಲೇಜಿನ ಸ್ನೇಹಸಮ್ಮೇಳನಕ್ಕೆಂದು, ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದ ನಾಟಕವಾಗಿ ಹೊಂದಿಸಿ 1926ರಲ್ಲಿ ಕನ್ನಡಕ್ಕೆ ಕೊಟ್ಟ ‘ಗದಾಯುದ್ಧ ನಾಟಕ’ವನ್ನು ಆರಿಸಿಕೊಂಡೆವು. ಹಳಗನ್ನಡದ ಪದ್ಯಗಳು ಹುಡುಗರ ನಾಲಗೆಗೆ ಹತ್ತುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಕಾಳಗದ ಭಾಗವನ್ನು ಕೊನೆಯ ಎಂಟು ದಿನಗಳಿಗೆ ಬಿಟ್ಟಿದ್ದೆವು. ಭೀಮ ದುರ್ಯೋಧನರಿಬ್ಬರೂ ಸಂಜೆ ಪಾಠ ಮುಗಿಸಿ, ತೊಟ್ಟಿದ್ದ ಪ್ಯಾಂಟು ಬೂಟುಗಳಲ್ಲಿಯೇ ಬಂದು, ಬಿದಿರ ಕೋಲು ಹಿಡಿದು, ಹೆಜ್ಜೆ ಎಣಿಸಿ ಹೊಡೆದಾಡುತ್ತಿದ್ದರು. ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಆಟದ ಹಿಂದಿನ ರಾತ್ರಿ ಬಾಡಿಗೆಯ ವೇಷಗಳು ಬಂದವು. ಮಖಮಲ್ಲಿನ ಅಂಗಿ, ಜರಿಯಂಚಿನ ಕಾಸೆ, ಹೆಗಲಿನಿಂದ ಮೊಣಕಾಲಿನವರೆಗೆ ಇಳಿಬಿಟ್ಟ ಉತ್ತರೀಯ, ತಗಡಿನ ಕಿರೀಟ, ಮರದ ಹಿಡಿಗೆ ತಗಡಿನ ಗುಂಡು ಕೂಡಿಸಿದ ಗದೆ. ಹುಡುಗರ ಸಂಭ್ರಮಕ್ಕೆ ಪಾರವಿಲ್ಲ. ವೇಷ ತೊಟ್ಟು ಕಾಳಗಕ್ಕೆ ನಿಂತರು. ಭೀಮನು ತೊಡೆಗೆ ಗುರಿಯಿಟ್ಟು ಗದೆ ಬೀಸುವಾಗ ದುರ್ಯೋಧನ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಗದೆ ಗಾಳಿಯಲ್ಲಿ ಹಾದುಹೋಗಬೇಕು. ಪ್ಯಾಂಟಿನಲ್ಲಿ ನೂರು ಸಲ ಸರಿದಿದ್ದ ಆ ಹೆಜ್ಜೆ, ಆ ರಾತ್ರಿ ತನ್ನ ಉತ್ತರೀಯದ ಸೆರಗಿನ ಮೇಲೆಯೇ ಬಿತ್ತು. ಹುಡುಗ ಮುಂದಕ್ಕೆ ಮುಗ್ಗರಿಸಿದ. ತೊಡೆಯ ಪಕ್ಕದಲ್ಲಿ ಹಾಯಬೇಕಾದ ಗದೆ ಹಣೆಗೆ ತಾಗಿತು; ಕಿರೀಟದ ತಗಡಿನ ಅಂಚು ಹುಬ್ಬನ್ನು ಸೀಳಿತು. ಏಳು ಹೊಲಿಗೆ ಬಿದ್ದವು. ಒಂದು ಬೆರಳು ಕೆಳಗೆ ಸೀಳಿದ್ದರೆ ಕಣ್ಣೇ ಹೋಗುತ್ತಿತ್ತೆಂದು ವೈದ್ಯರು ಹೇಳಿದಾಗ ನನ್ನ ಕಾಲಲ್ಲಿ ಬಲವಿರಲಿಲ್ಲ.

ಮರುದಿನ ಹುಡುಗನ ತಂದೆ ಬನಹಟ್ಟಿಯಿಂದ ಬಂದರು. ಮಗ್ಗದ ಕೆಲಸದವರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಉತ್ತರೀಯವನ್ನು ಕೈಗೆತ್ತಿಕೊಂಡು, ಅದರ ಉದ್ದವನ್ನು ಮೊಳ ಹಾಕಿ ನೋಡಿ, “ಸರ, ನಾವು ಮಗ್ಗದ ಮುಂದ ನಿಂತಾಗ ಧೋತರದ ಚುಂಗು ಬಿಡೂದಿಲ್ಲ. ಬಿಟ್ರ ಬೆಲ್ಟು ಅದನ್ನ ಎಳಕೊಂಡ ಹೋಗ್ತದ, ಅದರ ಹಿಂದ ನಾವೂ ಹೋಗ್ತೀವಿ. ನಿಮ್ಮ ಆಟದಾಗ ಇದನ್ನ ಹೇಳಾವ್ರು ಯಾರೂ ಇರಲಿಲ್ಲೇನ್ರಿ?” ಎಂದರು.

ತಪ್ಪು ನನ್ನದೆ. ಅದರಲ್ಲಿ ಎರಡನೆಯ ಮಾತಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕತ್ತಿ, ಗದೆ, ಬಿಲ್ಲುಗಳಿಲ್ಲದೆ ನಮ್ಮ ನಾಡಿನಲ್ಲಿ ಆಟವೇ ಇಲ್ಲ. ತಲೆತಲಾಂತರದಿಂದ ಅಟ್ಟದ ಮೇಲೆ ಭೀಮನೂ ದುರ್ಯೋಧನನೂ ಹೊಡೆದಾಡುತ್ತಲೇ ಬಂದಿದ್ದಾರೆ. ಇದನ್ನು ಹೇಳುವವರು ನಮ್ಮಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲವೆ? ಇದ್ದರೆ ಅವರು ಎಲ್ಲಿ ಹೋದರು? ಆ ಹುಡುಕಾಟದಲ್ಲಿ ನನಗೆ ದೊರೆತುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಪದದಿಂದ ಹೊರಡೋಣ. ಮೈಸೂರಿನ ಕಡೆಯವರು ನಾಟಕದ ಅಭ್ಯಾಸ ಎನ್ನುವುದನ್ನು ನಮ್ಮ ಕಡೆ ‘ತಾಲೀಮು’ ಎನ್ನುತ್ತಾರೆ. ಕುಸ್ತಿಯ ಗರಡಿಗೂ ‘ತಾಲೀಮು’, ‘ತಾಲೀಮಖಾನೆ’ ಎಂದೇ ಹೆಸರು. “ತಾಲೀಮಿಗೆ ಹೋಗಿದ್ದೆ” ಎಂದು ಒಬ್ಬ ಹುಡುಗ ಹೇಳಿದರೆ ಅವನು ಪಾತ್ರ ಕಲಿಯಲು ಹೋಗಿದ್ದನೊ ಪಟ್ಟು ಕಲಿಯಲು ಹೋಗಿದ್ದನೊ ಎಂದು ಮತ್ತೆ ಕೇಳಬೇಕಾಗುತ್ತದೆ. ಮೂಲದಲ್ಲಿ ಅರಬ್ಬಿಯ ಮಾತು. ವಿದ್ಯೆ ಎಂಬರ್ಥದ ‘ಇಲ್ಮ್’ ಎಂಬುದಕ್ಕೆ ನಂಟು. ಕಲಿಸುವುದು ಎಂದು ಅರ್ಥ. ಪಾರಸಿ ಮರಾಠಿಗಳ ಒಡನಾಟದಲ್ಲಿ ನಮಗೆ ಬಂತು. ಭಾಷೆ ಸುಮ್ಮನೆ ಎರಡು ಮನೆಗಳಿಗೆ ಒಂದೇ ಹೆಸರನ್ನು ಇಡುವುದಿಲ್ಲ. ಈ ಎರಡು ಮನೆಗಳ ನಡುವೆ ಒಂದು ಕಾಲಕ್ಕೆ ಓಡಾಟವಿತ್ತೆಂದು ನಾನು ನಂಬಿದ್ದೇನೆ. ಹಗಲು ಹೊಲ, ಸಂಜೆ ಗರಡಿ, ರಾತ್ರಿ ಆಟ. ಹಳ್ಳಿಯಲ್ಲಿ ಮೂರಕ್ಕೂ ಬರುತ್ತಿದ್ದ ಹುಡುಗರು ಅವರೇ ಅಲ್ಲವೆ?

ಗರಡಿಯ ಉಡುಪನ್ನು ನೋಡಿ. ಅದರಷ್ಟು ಕಡಿಮೆಯ ಉಡುಪು ಇನ್ನೊಂದಿಲ್ಲ. ಅದರಷ್ಟು ವಿಚಾರ ಮಾಡಿದ ಉಡುಪೂ ಇನ್ನೊಂದಿಲ್ಲ. ಬಿಗಿದು ಕಟ್ಟಿದ ಲಂಗೋಟ, ಅದರ ಮೇಲೆ ಒಂದು ಚಣ್ಣ. ಇಳಿಬಿದ್ದ ತುದಿಯಿಲ್ಲ, ಗುಂಡಿಯಿಲ್ಲ, ಜೇಬಿಲ್ಲ. ಬೆರಳಿನ ಉಂಗುರ, ಕಿವಿಯ ಒಂಟಿ, ಕೈಯ ಕಡಗ, ಕೊರಳ ತಾಯಿತ ಎಲ್ಲವೂ ಕೆಮ್ಮಣ್ಣಿಗೆ ಇಳಿಯುವ ಮೊದಲು ಗೂಟಕ್ಕೆ ಹೋಗಬೇಕು. ಉಗುರು ಬೆಳೆದಿದ್ದರೆ ಉಸ್ತಾದರು ಅಖಾಡದಿಂದ ಹೊರಗೆ ಕಳಿಸುತ್ತಾರೆ. ಇನ್ನು ಅಖಾಡದ ಆ ಮಣ್ಣು! ಕಲ್ಲು ಹರಳು ಆರಿಸಿ, ಎಣ್ಣೆ ಅರಿಸಿನ ಮಜ್ಜಿಗೆ ಬೆರೆಸಿ, ದಿನವೂ ಗುದ್ದಲಿಯಿಂದ ಸಡಿಲಿಸಿದ ಮಣ್ಣು. ಬಿದ್ದವನ ಬೆನ್ನಿಗೆ ಅದೇ ಹಾಸಿಗೆ. ಪೆಟ್ಟನ್ನು ತಡೆಯುವ ಬಟ್ಟೆಯನ್ನು ಗರಡಿಯವರು ಮೈಗೆ ತೊಡಿಸಲಿಲ್ಲ, ನೆಲಕ್ಕೆ ತೊಡಿಸಿದರು. ಜಮಖಂಡಿಯ ಪಟವರ್ಧನರ ಸಂಸ್ಥಾನ, ಮುಧೋಳದ ಘೋರ್ಪಡೆಯವರ ಸಂಸ್ಥಾನ ಎರಡೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾದವು. ಸಂಸ್ಥಾನಗಳು ಹೋದರೂ ಕುಸ್ತಿ ಹೋಗಲಿಲ್ಲ. ಈ ಸೀಮೆಯ ಜಾತ್ರೆಗಳಲ್ಲಿ ಇಂದಿಗೂ ಅಖಾಡದ ಸುತ್ತ ಜನ ನೆರೆಯುತ್ತಾರೆ.

ಈ ಎರಡು ಮನೆತನಗಳಿಗೂ ಮರಾಠರ ದಂಡಿನ ನಂಟಿತ್ತು. ಮರಾಠರ ಆಯುಧವಿದ್ಯೆಯಲ್ಲಿ ದಾಂಡಪಟ್ಟಾ ಎಂಬುದೊಂದುಂಟು. ಅದರ ಹಿಡಿ ಉಳಿದ ಕತ್ತಿಗಳಂತಲ್ಲ. ಬೆರಳುಗಳಿಂದ ಮುಂಗೈಯವರೆಗೆ ಉಕ್ಕಿನ ಕೈಗವಚವೇ ಹಿಡಿಯಾಗಿರುತ್ತದೆ. ತೊಡುವುದು, ಹಿಡಿಯುವುದು ಎರಡೂ ಒಂದೇ ಆದ ಆಯುಧ ಅದು. ಕಲಿಯುವವರ ಕೈಗೆ ಮೊದಲ ದಿನವೇ ಅದನ್ನು ಕೊಡುತ್ತಿರಲಿಲ್ಲ. ಅವರಿಗೆ ಫರೀ ಗದಕಾ. ಅಂದರೆ ತೊಗಲು ಹೊದಿಸಿದ ಕೋಲು ಮತ್ತು ಸಣ್ಣ ಗುರಾಣಿ. ಮೈಮೇಲೆ ಬಾರಾಬಂದಿ ಅಂಗಿ. ನಮ್ಮ ಅಜ್ಜಂದಿರು ತೊಡುತ್ತಿದ್ದ ಆ ಅಂಗಿಗೆ ಗುಂಡಿಗಳಿಲ್ಲ, ಕಸೆಗಳು. ಮೈಗೆ ಹತ್ತಿ ನಿಲ್ಲುತ್ತದೆ, ತೋಳು ಎತ್ತಿದರೆ ಕಂಕುಳಲ್ಲಿ ಹಿಡಿಯುವುದಿಲ್ಲ, ಎಳೆದರೆ ಕಸೆ ಬಿಚ್ಚೀತೆ ಹೊರತು ತೊಟ್ಟವನನ್ನು ಕೆಡವದು. ಹಳಗನ್ನಡ ನಡುಗನ್ನಡಗಳಲ್ಲಿ ಕವಚಕ್ಕೆ ‘ಜೋಡು’ ಎಂದು ಹೆಸರುಂಟು. ಅದೇ ಜೋಡು ಈಗ ನಮ್ಮ ಕಾಲ ಕೆರವಾಗಿ ಉಳಿದಿದೆ. ಎದೆಯಿಂದ ಪಾದಕ್ಕೆ ಇಳಿದ ಆ ಪದದ ಬಗ್ಗೆ ತರಗತಿಯಲ್ಲಿ ನಾನು ಎಷ್ಟೋ ಸಲ ನಗೆಮಾತು ಆಡಿದ್ದೆ. ಅದರ ಹಿಂದೆ ಒಂದು ವಿದ್ಯೆಯೇ ಇಳಿದುಹೋಗಿದೆಯೆಂದು ಆಗ ತೋರಿರಲಿಲ್ಲ.

ಆಯುಧವೆಂದೊಡನೆ ಹಲಗಲಿಯ ನೆನಪಾಗದೆ ಇರದು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಆ ಹಳ್ಳಿಯ ಬೇಡರು 1857ರಲ್ಲಿ, ಹತಾರುಗಳನ್ನು ಒಪ್ಪಿಸಬೇಕೆಂಬ ಕುಂಪಣಿ ಸರಕಾರದ ಆಜ್ಞೆಗೆ ತಲೆಬಾಗಲಿಲ್ಲ. ದಂಡು ಬಂತು, ಊರು ಸುಟ್ಟಿತು, ಸೆರೆ ಸಿಕ್ಕವರಲ್ಲಿ ಅನೇಕರಿಗೆ ಗಲ್ಲಾಯಿತು. ಆ ಕಥೆಯನ್ನು ಲಾವಣಿಕಾರರು ಹಾಡಿದರು; ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸ ಅಧಿಕಾರಿ ಅದನ್ನು ಬರೆದಿಟ್ಟುಕೊಂಡು ಪ್ರಕಟಿಸಿದ. ಮನೆಮನೆಯ ಹತಾರು ಹೀಗೆ ಹೋದ ಮೇಲೆ ಕತ್ತಿ ಹಿಡಿದ ಮನುಷ್ಯನನ್ನು ನಮ್ಮ ಜನ ನೋಡುವುದಕ್ಕೆ ಉಳಿದ ಜಾಗಗಳು ಹೆಚ್ಚಿಲ್ಲ: ದೇವರ ಉತ್ಸವ, ಮತ್ತು ಆಟದ ಅಟ್ಟ. ಅಟ್ಟದ ಮೇಲಿನ ಕಾಳಗವನ್ನು ಜನ ಬೆಳಗಿನವರೆಗೆ ಕಣ್ಣು ಮುಚ್ಚದೆ ನೋಡುವುದರಲ್ಲಿ ಈ ಹಸಿವೂ ಸ್ವಲ್ಪ ಇದ್ದೀತೆಂದು ನನಗೆ ಅನ್ನಿಸುತ್ತದೆ.

ಅಟ್ಟದ ಸಂಗತಿಯನ್ನು ತಿಳಿಯಲು ನಾನು ಬೀಳಗಿ ತಾಲೂಕಿನ ಒಂದು ಹಳ್ಳಿಗೆ ಹೋದೆ. ಅಲ್ಲಿ ದೊಡ್ಡಾಟ ಕಲಿಸುತ್ತಿದ್ದ ವೃದ್ಧರೊಬ್ಬರಿದ್ದರು. ಕಣ್ಣು ಮಂಜಾಗಿದ್ದರೂ ಮಾತು ಹರಿತ. ನಡೆದುದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ತಾಲೀಮಿನ್ಯಾಗ ಹುಡುಗ ಏನ್ ಉಡ್ತಿದ್ದಾ?”

“ಪ್ಯಾಂಟು, ಅಜ್ಜಾರ.”

“ಆಟದ ದಿನಾ?”

“ಕಾಸಿ, ಮ್ಯಾಲೆ ಶಲ್ಯ.”

“ಮತ್ತ ಅಂವಾ ಎಲ್ಲೆ ತಪ್ಪಿದಾ? ಅಂವಾ ಕಲಿತದ್ದು ಪ್ಯಾಂಟಿನ ಹೆಜ್ಜಿ. ಕಾಸಿ ಹೆಜ್ಜಿ ನೀವು ಕಲಿಸೇ ಇಲ್ಲ.”

ಇದಕ್ಕಿಂತ ಸ್ಪಷ್ಟವಾದ ತೀರ್ಪನ್ನು ನಾನು ಕೇಳಿಲ್ಲ. ಅಜ್ಜ ತಮ್ಮ ಕಾಲದ ಕ್ರಮವನ್ನು ನಿಧಾನವಾಗಿ ಹೇಳಿದರು. ಸುಗ್ಗಿ ಮುಗಿದ ಮೇಲೆ ಗುಡಿಯ ಮುಂದೆ ತಾಲೀಮು ಆರಂಭ. ಮೊದಲ ದಿನಗಳಲ್ಲಿ ಚಣ್ಣ ಮತ್ತು ಕಾಲಿಗೆ ಗೆಜ್ಜೆ, ಇಷ್ಟೆ. ಹೆಜ್ಜೆ ತಪ್ಪಿದ್ದನ್ನು ಕಣ್ಣಿಗಿಂತ ಮೊದಲು ಗೆಜ್ಜೆ ಹೇಳುತ್ತದೆ. ಹೆಜ್ಜೆ ಕೂತ ಮೇಲೆ ಹಳೆಯ ಧೋತರದಿಂದ ವೀರಗಾಸೆ. ಅದರ ತುದಿಯನ್ನು ಹಿಂದೆ ಸಿಗಿಸಿ, ಮೇಲೆ ನಡುಪಟ್ಟಿ ಬಿಗಿದು, ಪಟ್ಟಿಯ ತುದಿಯನ್ನೂ ಒಳಗೇ ಸೇರಿಸಬೇಕು. ನಡು ಬಿಗಿದರೆ ದಮ್ಮು ನಿಲ್ಲುತ್ತದೆ, ಬೆನ್ನು ಉಳುಕುವುದಿಲ್ಲ. ಆಮೇಲೆ ತಲೆಯ ಮೇಲೆ ಸಿಂಬೆ; ಹೆಣ್ಣುಮಕ್ಕಳು ಕೊಡ ಹೊರುವಾಗ ಇಟ್ಟುಕೊಳ್ಳುವ ಅದೇ ಬಟ್ಟೆಯ ಸಿಂಬೆ. ಅದರ ಮೇಲೆ ಕಿರೀಟದ ತೂಕದ ಏನಾದರೊಂದನ್ನು ಪಟ್ಟಿಯಿಂದ ಗದ್ದಕ್ಕೆ ಕಟ್ಟಿ ಕುಣಿಸುವುದು. ದೊಡ್ಡಾಟದ ಕಿರೀಟ, ಭುಜಕೀರ್ತಿ, ಎದೆಹಾರಗಳು ಮರದವು. ಹಗುರಾದ ಮರವನ್ನು ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿ ಕೂಡಿಸಿರುತ್ತಾರೆ. ಹಗುರೆಂದರೂ ಮರ ಮರವೇ. ಒಳಗೆ ಸಿಂಬೆಯಿಲ್ಲದೆ ಕಿರೀಟವಿಟ್ಟರೆ ಪೆಟ್ಟು ಬಿದ್ದಾಗ ವೈರಿಯ ಗದೆಗಿಂತ ತನ್ನ ಕಿರೀಟವೇ ಮೊದಲು ಹಣೆ ಒಡೆಯುತ್ತದೆ. ನನ್ನ ಹುಡುಗನಿಗೆ ಆದದ್ದು ಅದೇ.

“ಆಭರಣ?” ಎಂದೆ. “ಹೊಲದ್ ಬಿಡಬೇಕು” ಎಂದರು. ಎದೆಹಾರವನ್ನು ಕೊರಳಿಗೆ ಹಾಕುವುದಲ್ಲ, ಅಂಗಿಗೇ ಹೊಲಿಯುವುದು. ಕೊರಳಲ್ಲಿ ಲಿಂಗದ ಕರಡಿಗೆ ಧರಿಸುವವರು ಅದನ್ನು ತೆಗೆಯುವಂತಿಲ್ಲ; ವಸ್ತ್ರದಲ್ಲಿ ಸುತ್ತಿ ಎದೆಗೆ ಅಡ್ಡಲಾಗಿ ಬಿಗಿಯಬೇಕು; ಇಲ್ಲವಾದರೆ ತಿರುಗುವಾಗ ದಾರ ಕತ್ತಿಯ ಹಿಡಿಗೆ ಸುತ್ತಿಕೊಳ್ಳುತ್ತದೆ. ಆಯುಧ ಹಿಡಿದವನ ಕೈಯಲ್ಲಿ ಉಂಗುರವಿರಕೂಡದು. ಅಟ್ಟಕ್ಕೆ ಹತ್ತುವ ಮೊದಲು ಹಲಿಗೆಗಳ ಮೇಲೆ ಅಂಗೈ ಆಡಿಸಿ ಮೊಳೆಯಿದೆಯೆ ಎಂದು ನೋಡುವುದು ಮಾಸ್ತರನ ಕೆಲಸ. ಬರಿಗಾಲಿನ ಆಟಕ್ಕೆ ಅಟ್ಟವೂ ಉಡುಪಿನ ಒಂದು ಭಾಗವೇ ಸರಿ. ಗರಡಿಯ ಮಣ್ಣಿನ ಮಾತು ಆಗ ನನಗೆ ಮತ್ತೆ ನೆನಪಾಯಿತು.

ಹಾಗಾದರೆ ಹೇಳುವವರು ಇದ್ದರು. ಇದ್ದವರು ನನ್ನವರೆಗೆ ಏಕೆ ಬರಲಿಲ್ಲ?

ಇದಕ್ಕೆ ಉತ್ತರ ನಮ್ಮ ರಂಗಭೂಮಿಯ ಚರಿತ್ರೆಯಲ್ಲಿದೆ. ಜಮಖಂಡಿಯ ಪಟವರ್ಧನರ ದಾಯಾದಿಗಳಾದ ಸಾಂಗಲಿಯ ಪಟವರ್ಧನರ ಆಸ್ಥಾನದಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವೆಂದು ಹೇಳುವುದು ಅದನ್ನೇ. ಕನ್ನಡ ನಾಡಿನಿಂದ ಹೋಗಿದ್ದ ಭಾಗವತ ಮೇಳದ ಆಟವನ್ನು ನೋಡಿ ಮೆಚ್ಚಿದ ದೊರೆ ಅಂಥದೊಂದನ್ನು ಮರಾಠಿಯಲ್ಲಿ ಮಾಡಿಸಿದನೆಂಬುದು ನಮಗೆ ಹೆಮ್ಮೆಯ ಸಂಗತಿ. ಹೀಗೆ ಇಲ್ಲಿಂದ ಹೋದ ಆಟ ಸಂಗೀತ ನಾಟಕವಾಗಿ, ಪರದೆ ಕಟ್ಟಿಕೊಂಡು, ಮಖಮಲ್ಲು ತೊಟ್ಟು ನಮ್ಮಲ್ಲಿಗೆ ಮರಳಿತು. ಶಿರಹಟ್ಟಿ, ಕೊಣ್ಣೂರು, ಗದಗುಗಳ ಕಡೆಯಿಂದ ಕಂಪನಿಗಳು ಎದ್ದವು. ಗರುಡ ಸದಾಶಿವರಾಯರ ‘ಎಚ್ಚಮನಾಯಕ’, ನಮ್ಮ ಜಿಲ್ಲೆಯವರೇ ಆದ ಕಂದಗಲ್ಲ ಹನುಮಂತರಾಯರ ‘ಕುರುಕ್ಷೇತ್ರ’, ‘ರಕ್ತರಾತ್ರಿ’ಗಳು ಜನರನ್ನು ಹುಚ್ಚು ಹಿಡಿಸಿದವು. ರೌದ್ರರಸವಿಲ್ಲದೆ ಕಂಪನಿಗೆ ಊಟವಿರಲಿಲ್ಲ.

ಕಂಪನಿಯಲ್ಲಿ ಮಖಮಲ್ಲಿನ ಅಂಗಿ, ಜರತಾರಿ ಶಲ್ಯಗಳು ಮಾಲಿಕನ ಆಸ್ತಿ. ಅವು ಪೆಟ್ಟಿಗೆಯಿಂದ ಹೊರಗೆ ಬರುವುದು ಆಟದ ಹೊತ್ತಿಗೆ ಮಾತ್ರ. ಆದರೂ ಕಂಪನಿಯ ನಟನಿಗೆ ಅಪಾಯ ಕಡಿಮೆಯಾಗಿತ್ತು. ಏಕೆಂದರೆ ಅವನು ಅದೇ ಅಂಗಿಯನ್ನು ಅದೇ ಎದುರಾಳಿಯೊಡನೆ ತಿಂಗಳುಗಟ್ಟಲೆ ರಾತ್ರಿ ರಾತ್ರಿ ತೊಟ್ಟವನು. ಪ್ರತಿಯೊಂದು ಆಟವೂ ಮರುದಿನದ ಆಟಕ್ಕೆ ತಾಲೀಮು. ದೊಡ್ಡಾಟದವನು ವೇಷ ಕಟ್ಟುವ ಮುಂಚೆ ಕಲಿತದ್ದನ್ನು ಕಂಪನಿಯವನು ವೇಷ ಕಟ್ಟಿದ ಮೇಲೆ ಕಲಿತ. ಇಬ್ಬರೂ ಕಲಿತರು.

ಮೂರನೆಯವರು ನಾವು, ಊರ ಹವ್ಯಾಸಿ ಸಂಘಗಳು, ಶಾಲೆ ಕಾಲೇಜುಗಳು. ನಾವು ದೊಡ್ಡಾಟವನ್ನು ಒರಟೆಂದು ಬಿಟ್ಟೆವು. ಕಂಪನಿಯ ಥಳಕನ್ನು ಮಾತ್ರ ಒಂದು ರಾತ್ರಿಯ ಬಾಡಿಗೆಗೆ ತಂದೆವು. ಪ್ಯಾಂಟಿನಲ್ಲಿ ಕಲಿತು ಕಾಸೆಯಲ್ಲಿ ಹೊಡೆದಾಡಿದೆವು. ಅಜ್ಜನ ತಾಲೀಮೂ ನಮಗಿಲ್ಲ, ಕಂಪನಿಯವನ ನೂರು ರಾತ್ರಿಗಳೂ ನಮಗಿಲ್ಲ. ವೇಷ ನಮ್ಮ ಮೈಮೇಲೆ ಬರುವುದು ಒಂದೇ ಸಲ, ಅದೂ ಅತ್ಯಂತ ಅಪಾಯದ ಗಳಿಗೆಯಲ್ಲಿ. ನನ್ನ ಹುಡುಗನ ಹುಬ್ಬಿನ ಗಾಯಕ್ಕೆ ಹೀಗೊಂದು ಚರಿತ್ರೆ ಇದೆ.

ಹೊರಗಿನವರು ಏನು ಮಾಡಿದರು ಎಂದು ಕೇಳಬಹುದು. ಪಂದ್ಯದ ಕತ್ತಿವರಸೆಯವರು ಮೈಯನ್ನು ಮುಚ್ಚುವ ದಾರಿ ಹಿಡಿದರು. ಜಪಾನಿನವರು ಹದಿನೆಂಟನೆಯ ಶತಮಾನದಲ್ಲಿಯೇ ಬಿದಿರ ಕತ್ತಿಯನ್ನೂ, ತಲೆ ಎದೆ ಮುಂಗೈಗಳಿಗೆ ಕವಚವನ್ನೂ ರೂಢಿಗೆ ತಂದರು. ಯುರೋಪಿನವರು ಜಾಲರಿಯ ಮುಖವಾಡ ತೊಟ್ಟರು. ಆದರೂ 1982ರಲ್ಲಿ ರೋಮ್ ನಗರದ ವಿಶ್ವಸ್ಪರ್ಧೆಯಲ್ಲಿ ಎದುರಾಳಿಯ ಕತ್ತಿ ಮುರಿದು, ಆ ಮುರುಕು ಮುಖವಾಡವನ್ನೇ ತೂರಿ, ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋಫ್ ಎಂಬ ಒಲಿಂಪಿಕ್ ವೀರ ಪ್ರಾಣ ಬಿಟ್ಟ. ಅಂದಿನಿಂದ ಆ ಆಟದ ಮುಖವಾಡ, ಅಂಗಿ, ಕತ್ತಿಯ ಉಕ್ಕು ಎಲ್ಲದರ ನಿಯಮಗಳೂ ಬಿಗಿಯಾದವು. ಅವರದು ಪೆಟ್ಟು ತಾಗಲೇಬೇಕಾದ ಆಟ. ರಂಗದ ಕಾಳಗ ಹಾಗಲ್ಲ. ಇಲ್ಲಿ ಪೆಟ್ಟು ತಾಗಬಾರದು. ತಾಗಿತೆಂದು ನೋಡುವವನಿಗೆ ತೋರಬೇಕು. ಎದುರು ನಿಂತವನು ವೈರಿಯಲ್ಲ, ಜೊತೆಗಾರ. ಆದುದರಿಂದ ಇಲ್ಲಿ ದಪ್ಪ ಕವಚ ತೊಡಿಸುವುದರಿಂದ ಒಂದು ಕೇಡೂ ಉಂಟು: ಹೊಡೆಯುವವನು ಅಳತೆ ಮರೆಯುತ್ತಾನೆ. ಪಡುವಣ ದೇಶಗಳಲ್ಲಿ ರಂಗಕಾಳಗ ಕಲಿಸುವವರು ಶಿಷ್ಯರಿಗೆ ಮೊದಲು ಹೇಳುವುದು ಉಂಗುರ ಸರಗಳನ್ನು ತೆಗೆಯಿರಿ, ಕೂದಲು ಕಟ್ಟಿರಿ, ಜಾರದ ಮೆಟ್ಟು ಮೆಟ್ಟಿರಿ ಎಂದೇ. ಆಟದ ದಿನ ನೆಲಕ್ಕೆ ತಾಗುವ ಲಂಗ ತೊಡಬೇಕಾದವಳಿಗೆ ಅಂಥದೇ ಒಂದು ಹಳೆಯ ಲಂಗವನ್ನು ಅಭ್ಯಾಸದ ಆರಂಭದಿಂದಲೇ ಉಡಿಸುತ್ತಾರೆ. ಅವರು ಹೇಳುವುದನ್ನೂ ಬೀಳಗಿಯ ಕಡೆಯ ಅಜ್ಜ ಹೇಳಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರೂ ಒಬ್ಬ ಗುರುವಿನ ಶಿಷ್ಯರೇನೊ ಎನ್ನಿಸುತ್ತದೆ. ಗುರು ಒಬ್ಬನೇ, ಬಿದ್ದು ಪೆಟ್ಟು ತಿಂದ ಅನುಭವ.

ಮುಂದಿನ ವರ್ಷ ಅದೇ ನಾಟಕವನ್ನು ಮತ್ತೆ ಎತ್ತಿಕೊಂಡೆವು. ಬನಹಟ್ಟಿಗೆ ಹೋಗಿ ಹುಡುಗನ ತಂದೆಯ ಅಪ್ಪಣೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಸಲ ಏನ್ ಉಡಸ್ತೀರಿ?” ಎಂದು ಕೇಳಿದರು. ಈ ಸಲ ನನ್ನಲ್ಲಿ ಉತ್ತರವಿತ್ತು.

ಮೊದಲ ದಿನದಿಂದಲೇ ಒಳಗೆ ಲಂಗೋಟ, ಮೇಲೆ ಮೊಣಕಾಲಿನವರೆಗಿನ ದಪ್ಪ ಹತ್ತಿಯ ಚಣ್ಣ. ಹದಿನೈದನೆಯ ದಿನದಿಂದ ಆಟದ ಕಾಸೆಯಷ್ಟೇ ಉದ್ದಗಲದ ಹಳೆಯ ಧೋತರ, ಮೇಲೆ ನಡುಪಟ್ಟಿ. ಉತ್ತರೀಯ ಇರಲೇಬೇಕಾದರೆ ಅದರ ಎರಡು ತುದಿಗಳೂ ನಡುಪಟ್ಟಿಗೆ ಹೊಲಿದಿರಬೇಕು. ಮೈಗೆ ಬಿಗಿಯಾದ, ತೋಳು ಆಡುವ ಅಂಗಿ; ಬೆವರು ಹೀರಬೇಕಾದುದರಿಂದ ನೂಲಿನದೇ ಆಗಬೇಕು, ನೈಲಾನು ಸಲ್ಲದು. ಮೊಣಕಾಲು ಮೊಣಕೈಗಳಿಗೆ ಬಟ್ಟೆಯ ಮೆತ್ತೆ, ಪೆಟ್ಟಿಗಲ್ಲ, ಬೀಳುವುದಕ್ಕೆ. ಅಂಗೈ ಜಾರದಂತೆ ಮಣಿಕಟ್ಟಿಗೆ ಪಟ್ಟಿ. ಕೈಗಡಿಯಾರ, ಉಂಗುರ, ದಾರ, ಕಡಗ, ಜೇಬಿನ ಕೀಲಿಕೈ, ಫೋನು ಎಲ್ಲವೂ ಒಂದು ಬುಟ್ಟಿಗೆ. ಹಲಿಗೆಯ ಮೇಲಾದರೆ ಬರಿಗಾಲು. ಕಾಲುಚೀಲ ಮಾತ್ರ ಎಂದಿಗೂ ಕೂಡದು, ಅದು ಎಣ್ಣೆಯ ಮೇಲೆ ನಿಂತಂತೆ. ಕನ್ನಡಕವಿದ್ದವರು ಅದನ್ನು ತಲೆಗೆ ಪಟ್ಟಿ ಕಟ್ಟಿ ನಿಲ್ಲಿಸಬೇಕು. ತಲೆಗೆ ಸಿಂಬೆ, ಕಿರೀಟದ ಅಂಚಿಗೆ ಬಟ್ಟೆಯ ಗೋಟು. ಹೆಣ್ಣುಮಕ್ಕಳು ಆಯುಧ ಹಿಡಿಯುವುದಾದರೆ ದುಪಟ್ಟಾವನ್ನು ಎದೆಗೆ ಅಡ್ಡಹಾಕಿ ನಡುವಿಗೆ ಕಟ್ಟಬೇಕು, ಜಡೆಯನ್ನು ತುರುಬು ಮಾಡಬೇಕು. ನಮ್ಮ ಹಳೆಯ ವೀರಗಲ್ಲುಗಳಲ್ಲಿ ಕಾದಾಡುವವನ ಕೂದಲು ಎಷ್ಟೋ ಕಡೆ ಗಂಟು ಕಟ್ಟಿದ್ದೇ ಆಗಿದೆ; ಶಿಲ್ಪಿಗೆ ಅದು ಅಲಂಕಾರವಾದರೆ ಕಾದುವವನಿಗೆ ಪ್ರಾಣದ ಮಾತು. ಕೊನೆಯದಾಗಿ, ಗಾಜಿನ ಬಳೆ ಬೇಡ. ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿಯ ನಾಟಕದಲ್ಲಿ ಬಳೆ ಬೇಡವೆನ್ನಲು ನನಗೆ ಸಂಕೋಚವಾಯಿತು. ಆದರೆ ಒಡೆದ ಬಳೆ ಹೇಗೆ ಕೊಯ್ಯುತ್ತದೆಂಬುದು ಬಳೆಗಾರರಿಗಿಂತ ಹೆಚ್ಚಾಗಿ ಯಾರಿಗೆ ಗೊತ್ತು?

ಅವರು ಎಲ್ಲವನ್ನೂ ಕೇಳಿದರು. ಒಳಗೆ ಹೋಗಿ ಮಗ್ಗದ ನೂಲಿನ ಚಿಂದಿಯನ್ನು ಒಂದು ಚೀಲ ತುಂಬಿ ತಂದು, “ಮೆತ್ತಿಗೆ ಇದನ್ನ ತುಂಬ್ರಿ, ಅರಳಿಗಿಂತ ಗಟ್ಟಿ” ಎಂದರು. ಅದೇ ಅವರ ಅಪ್ಪಣೆ.

ತೊಡೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಗದಾಯುದ್ಧದ ನಿಯಮದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು. ಭೀಮ ಆ ನಿಯಮವನ್ನು ಮುರಿಯುವುದೇ ಕಥೆಯ ತಿರುಳು. ದುರ್ಯೋಧನನನ್ನು ಕೆಡವಿದ್ದು ಗದೆಯೊಂದೇ ಅಲ್ಲ, ಇಬ್ಬರ ನಡುವೆ ಇದ್ದ ಒಪ್ಪಂದ ಮುರಿದದ್ದು. ಆಡುವವರ ನಡುವೆಯಾದರೊ ಅದೇ ಕ್ಷಣದಲ್ಲಿ ಒಪ್ಪಂದ ಎಲ್ಲಕ್ಕಿಂತ ಗಟ್ಟಿಯಾಗಿರಬೇಕು. ನಾವು ದುರ್ಯೋಧನನ ಕಾಸೆಯೊಳಗೆ ತೊಡೆಗೆ ನೂಲಿನ ಮೆತ್ತೆ ಕಟ್ಟಿದೆವು. ಗದೆಯ ತಗಡನ್ನು ಬಿಟ್ಟು, ಬಿದಿರ ಬುಟ್ಟಿಯ ಗುಂಡಿಗೆ ಬಟ್ಟೆ ಹೊದಿಸಿ ಬಣ್ಣ ಹಚ್ಚಿದೆವು. ಮೆತ್ತೆ ಇದೆಯೆಂದು ಭೀಮನ ಹುಡುಗನಿಗೆ ಹೇಳಲಿಲ್ಲ. ಹೇಳಿದರೆ ಅವನ ಕೈ ಸಡಿಲವಾದೀತೆಂದು ಅಜ್ಜ ಎಚ್ಚರಿಸಿದ್ದರು.

ಒಂಬೈನೂರ ನಲವತ್ತೊಂಬತ್ತರಲ್ಲಿ, ಜಂಬುಖಂಡಿ ಎಪ್ಪತ್ತರ ಮುದುವೊಳಲಿನಲ್ಲಿ, ಅಂದರೆ ನಮ್ಮ ಜಮಖಂಡಿಯ ಸೀಮೆಯ ಮುಧೋಳದಲ್ಲಿ ಹುಟ್ಟಿದ ರನ್ನ, ತನ್ನ ಕಾವ್ಯದ ವೀರರು ಒಂದು ದಿನ ಚಣ್ಣ ಉಟ್ಟು ತಾಲೀಮು ಮಾಡಿಯಾರೆಂದು ಎಣಿಸಿರಲಿಕ್ಕಿಲ್ಲ. ಆ ವರ್ಷ ಆಟ ಸುಖವಾಗಿ ಮುಗಿಯಿತು. ಭೀಮನ ಗದೆ ತೊಡೆಯ ಮುಂದೆ ಗಾಳಿಯನ್ನು ಸೀಳಿ ಹೋಯಿತು, ದುರ್ಯೋಧನ ಬಿದ್ದ, ಸಭೆ ಒಂದು ಕ್ಷಣ ಉಸಿರು ಹಿಡಿಯಿತು. ಮೊದಲ ಸಾಲಿನಲ್ಲಿ ಕುಳಿತಿದ್ದ ಬನಹಟ್ಟಿಯ ತಂದೆ ಮಾತ್ರ ಮಗನ ಮುಖವನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಉತ್ತರೀಯದ ತುದಿಯ ಮೇಲಿತ್ತು. ಅದು ನಡುಪಟ್ಟಿಗೆ ಹೊಲಿದ ಜಾಗದಲ್ಲಿಯೇ ಇದ್ದುದನ್ನು ಕಂಡ ಮೇಲೆ ಅವರೂ ಚಪ್ಪಾಳೆ ತಟ್ಟಿದರು.

ಈಗ ನಮ್ಮಲ್ಲಿ ಯಾವ ನಾಟಕ ಎತ್ತಿಕೊಂಡರೂ ಪದ್ಯ ಕಲಿಸುವ ಮೊದಲೇ ಹಳೆಯ ಧೋತರಗಳ ಗಂಟನ್ನು ಹೊರಗೆ ತೆಗೆಯುತ್ತೇವೆ. ಹೊಸ ಹುಡುಗರು ನಗುತ್ತಾರೆ. ನಗಲಿ. ಹಳೆಯ ದುರ್ಯೋಧನನ ಹುಬ್ಬಿನ ಗುರುತಿನ ಕಥೆಯನ್ನು ಹೇಳಿದ ಮೇಲೆ ಉಂಗುರಗಳು ತಾವಾಗಿಯೇ ಬುಟ್ಟಿಗೆ ಬೀಳುತ್ತವೆ.